ಸೊಂಟನೋವೆಂದು ಸುಮ್ಮನಿರಬೇಡಿ

ನಮ್ಮ ಮಗಳು ಪುಣೆಯಲ್ಲಿ 33ನೇ ವಾರದಲ್ಲೇ ಹುಟ್ಟಿದಳು. ಅಂದು ಬೆಳಿಗ್ಗೆಯಿಂದ ಹೆಂಡತಿಗೆ ಸೊಂಟನೋವು ಬಂದು ಬಂದು ಹೋಗುತ್ತಿತ್ತು. ಊರಿಂದ ಅಮ್ಮ ಫೋನಿನಲ್ಲಿ, "ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿಸು" ಎಂದರು. ನನಗೂ ಆಫೀಸಿನ ಕಾಲ್ ಇತ್ತು. ಆಸ್ಪತ್ರೆ ಸೇರಿದಾಗ ರಾತ್ರಿ ಹತ್ತು, ಹನ್ನೆರಡಕ್ಕೆ ಹೆರಿಗೆ. "ಬೆಳಿಗ್ಗೆಯೇ ಬರಬೇಕಿತ್ತು" ಎಂದರು ಡಾಕ್ಟರ್.

ಆ ಮಾತಿನ ಅರ್ಥ ಆಮೇಲೆ ತಿಳಿಯಿತು. 37 ವಾರ ತುಂಬುವ ಮೊದಲೇ ಆಗುವುದು ಅವಧಿಪೂರ್ವ ಹೆರಿಗೆ. 34 ವಾರದೊಳಗೆ ಹೆರಿಗೆಯಾಗುವಂತಿದ್ದರೆ, ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿಕೊಟ್ಟ ಉಪಾಯವಿದು. ಅದರ ಪೂರ್ಣ ಫಲಕ್ಕೆ ಸುಮಾರು 24 ಗಂಟೆ ಬೇಕು. ನಾವು ಕಳೆದುಕೊಂಡದ್ದು ಆ ಗಂಟೆಗಳನ್ನೇ. ಮಗಳು 19 ದಿನ ಎನ್‌ಐಸಿಯುನಲ್ಲಿದ್ದಳು.

ಹೊಟ್ಟೆ ಆಗಾಗ ಗಟ್ಟಿಯಾಗುವುದು, ಬಿಟ್ಟು ಬಿಟ್ಟು ಬರುವ ಸೊಂಟನೋವು, ನೀರು ಅಥವಾ ರಕ್ತ ಹೋಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಬಿಪಿ, ಸಕ್ಕರೆ, ಮೂತ್ರದ ಸೋಂಕಿನ ತಪಾಸಣೆ ತಪ್ಪಿಸಬೇಡಿ. ಮನೆಯಲ್ಲಿ ಯಾರೂ ಸಿಗರೇಟು ಸೇದಬಾರದು. ಹಿಂದಿನ ಹೆರಿಗೆ ಬೇಗ ಆಗಿದ್ದರೆ ಡಾಕ್ಟರಿಗೆ ಆರಂಭದಲ್ಲೇ ಹೇಳಿ. ಸ್ಕ್ಯಾನಿನಲ್ಲಿ ಗರ್ಭಕಂಠದ ಉದ್ದ ಅಳೆದು, ಅಗತ್ಯವಿದ್ದರೆ ಪ್ರೊಜೆಸ್ಟರಾನ್ ಕೊಡುತ್ತಾರೆ.

ಸೀಮಂತ ಮುಗಿಸಿ ತವರಿಗೆ ಹೊರಡುವವರು ಫೈಲನ್ನು ಜೊತೆಗಿಟ್ಟುಕೊಳ್ಳಿ. ಅಲ್ಲಿ ಎನ್‌ಐಸಿಯು ಇರುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ.

ಎಷ್ಟೇ ಎಚ್ಚರ ವಹಿಸಿದರೂ ಕೆಲವು ಹೆರಿಗೆಗಳು ಬೇಗ ಆಗುತ್ತವೆ. ಅದು ತಾಯಿಯ ತಪ್ಪಲ್ಲ. ಆದರೆ ನಾನು ಅಂದು ತಡಮಾಡಿದ್ದೆ. ಆ ಕಾಲ್ ಯಾತಕ್ಕಿತ್ತೆಂದು ಈಗ ನೆನಪೂ ಇಲ್ಲ.