ಹಳಿ ಸರಿದ ಹಾದಿ

ಉಪಯೋಗ ತೀರಿದ ವಸ್ತುವನ್ನು ಎಸೆದುಬಿಡುವುದು ಮನುಷ್ಯನ ಹಳೆಯ ಅಭ್ಯಾಸ. ಎಸೆದ ವಸ್ತುವಿಗೆ ಮರುಜನ್ಮ ನೀಡುವ ಜಾಣ್ಮೆಯೂ ಅವನಲ್ಲಿಯೇ ಇದೆ. ರೈಲಿನ ಓಡಾಟ ನಿಂತುಹೋದ ಮಾರ್ಗಗಳನ್ನು ಕಾಲುದಾರಿಗಳನ್ನಾಗಿ ಮಾರ್ಪಡಿಸಿರುವುದು ಈ ಜಾಣ್ಮೆಗೆ ಒಂದು ನಿದರ್ಶನ.

1916ರ ಸುಮಾರಿನಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ಲಕ್ಷ ಕಿಲೋಮೀಟರಿಗೂ ಹೆಚ್ಚು ಉದ್ದದ ರೈಲುಮಾರ್ಗಗಳಿದ್ದವು. ಮೋಟಾರು ವಾಹನಗಳೂ ಹೆದ್ದಾರಿಗಳೂ ಬೆಳೆದಂತೆ ಅವುಗಳಲ್ಲಿ ಅನೇಕವು ಪಾಳುಬಿದ್ದವು. ಹಳಿ ಕಿತ್ತ ಏರಿಗಳ ಮೇಲೆ ಗಿಡಗಂಟಿಗಳು ಬೆಳೆದವು. 1983ರಲ್ಲಿ ಅಲ್ಲಿನ ಶಾಸನಸಭೆಯು ಕಾನೂನಿಗೆ ಒಂದು ತಿದ್ದುಪಡಿಯನ್ನು ತಂದಿತು. ಮುಂದೆ ಎಂದಾದರೂ ರೈಲು ಬೇಕಾದೀತೆಂಬ ದೃಷ್ಟಿಯಿಂದ ಆ ನೆಲವನ್ನು ಒಡೆದು ಹಂಚದೆ ಉಳಿಸಿಕೊಂಡು, ಅಲ್ಲಿಯವರೆಗೆ ಅದನ್ನು ಜನರ ನಡಿಗೆಗೆ ಬಿಟ್ಟುಕೊಡಬಹುದೆಂಬುದು ಅದರ ಸಾರ. ಇಂಥ ದಾರಿಗಳಿಗೆ ಒಂದು ವಿಶೇಷ ಗುಣವಿದೆ. ಉಗಿಬಂಡಿಯು ಕಡಿದಾದ ಏರನ್ನು ಹತ್ತಲಾರದು. ಆದುದರಿಂದ ರೈಲುಮಾರ್ಗದ ಏರಿಳಿತಗಳು ಬಹಳ ಸೌಮ್ಯವಾಗಿರುತ್ತವೆ. ಅಂದು ಎಂಜಿನ್ನಿಗೆ ತೋರಿದ ದಯೆ ಇಂದು ಮಕ್ಕಳಿಗೂ ವೃದ್ಧರಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಒದಗಿದೆ.

ಐಡಾಹೊ ರಾಜ್ಯದ ಉತ್ತರ ಭಾಗದಲ್ಲಿರುವ ಕರ್ ಡಲೇನ್ ದಾರಿಯು ಇಂಥವುಗಳಲ್ಲಿ ಹೆಸರಾದುದು. ಪ್ಲಮರ್ ಎಂಬ ಊರಿನಿಂದ ಮುಲನ್ ಎಂಬ ಗಣಿಯೂರಿನವರೆಗೆ ಅದರ ಉದ್ದ ಸುಮಾರು 117 ಕಿಲೋಮೀಟರು. ಪ್ಲಮರಿನಿಂದ ಹೊರಟವನು ಮೊದಲು ಪೈನ್ ಮರಗಳ ಕಾಡಿನೊಳಗೆ ನಿಧಾನವಾಗಿ ಇಳಿಯುತ್ತಾನೆ. ಕೆಂಗಂದು ಬಣ್ಣದ ನೆಟ್ಟನೆಯ ಕಾಂಡಗಳ ನಡುವೆ ತಟ್ಟನೆ ಸರೋವರದ ನೀಲಿ ಕಾಣಿಸಿಕೊಳ್ಳುತ್ತದೆ. ಕಾಡು ಮುಗಿದಲ್ಲಿ, ಒಂದು ಕಾಲದಲ್ಲಿ ರೈಲುಗಳನ್ನು ದಾಟಿಸುತ್ತಿದ್ದ ಉದ್ದನೆಯ ಸೇತುವೆ ಅವನನ್ನು ನೀರಿನ ಮೇಲೆ ಕರೆದೊಯ್ಯುತ್ತದೆ. ಅಲ್ಲಿಂದ ಹ್ಯಾರಿಸನ್ ಎಂಬ ಊರಿನವರೆಗೆ ದಾರಿ ದಡವನ್ನು ಬಿಡುವುದೇ ಇಲ್ಲ. ಒಂದು ಪಕ್ಕದಲ್ಲಿ ಮರಗಳ ನೆರಳು, ಮತ್ತೊಂದು ಪಕ್ಕದಲ್ಲಿ ಅಲೆಗಳ ಮೆಲುದನಿ.

ಆದರೆ ಈ ಸೊಬಗಿನ ನಡುವೆ ದಾರಿಯ ಬದಿಯ ಫಲಕಗಳು ನಡೆಯುವವನನ್ನು ಎಚ್ಚರಿಸುತ್ತವೆ: ದಾರಿಯನ್ನು ಬಿಟ್ಟು ಹೋಗಬಾರದು, ಉಣ್ಣುವ ಮುನ್ನ ಕೈ ತೊಳೆಯಬೇಕು, ಹೊಳೆಯ ನೀರನ್ನು ಕುಡಿಯಬಾರದು. ಇಷ್ಟು ನಿರ್ಮಲವಾಗಿ ತೋರುವ ಸ್ಥಳದಲ್ಲಿ ಈ ಎಚ್ಚರಿಕೆ ಏಕೆ?

1880ರ ದಶಕದಲ್ಲಿ ಈ ಕಣಿವೆಯ ಬೆಟ್ಟಗಳಲ್ಲಿ ಬೆಳ್ಳಿ, ಸೀಸ ಮತ್ತು ಸತುವಿನ ಅದಿರು ದೊರೆಯಿತು. ಮುಂದಿನ ನೂರು ವರ್ಷಗಳಲ್ಲಿ ನೂರು ಕೋಟಿ ಔನ್ಸಿಗೂ ಮಿಗಿಲಾದ ಬೆಳ್ಳಿ ಇಲ್ಲಿಂದ ಹೊರಬಂದಿತು. ಅದಿರನ್ನು ಸಾಗಿಸಲೆಂದೇ ರೈಲು ಬಂದಿತು. ಗಣಿಯ ತ್ಯಾಜ್ಯವನ್ನು ಹಳಿಯ ಕೆಳಗಿನ ಏರಿಗೆ ತುಂಬಿದರು. ಸಾಗಾಟದಲ್ಲಿ ಚೆಲ್ಲಿದ ಅದಿರಿನ ಪುಡಿ ಅದರ ಮೇಲೆ ಬಿದ್ದಿತು. ಉಳಿದ ತ್ಯಾಜ್ಯವು ಹೊಳೆಯನ್ನು ಸೇರಿ, ಸರೋವರದ ತಳದಲ್ಲಿ ನೆಲೆಯೂರಿತು. ಹೊಳೆಯ ಕೆಳಗಿನ ಜೌಗುಗಳಲ್ಲಿ ಬೇರುಗಳನ್ನು ಕೆದಕಿ ತಿನ್ನುವ ಹಂಸಗಳು ಕೆಸರಿನೊಡನೆ ಸೀಸವನ್ನೂ ನುಂಗಿ ಸಾಯುತ್ತಿವೆ.

ಸರೋವರವನ್ನು ತಲೆತಲಾಂತರದಿಂದ ತಮ್ಮದೆಂದು ಬಾಳಿದ ಕರ್ ಡಲೇನ್ ಬುಡಕಟ್ಟಿನ ಜನ 1991ರಲ್ಲಿ ಗಣಿ ಕಂಪನಿಗಳ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಸರೋವರದ ದಕ್ಷಿಣದ ಮೂರನೆಯ ಒಂದು ಭಾಗದ ತಳವು ಅವರಿಗೆ ಸೇರಿದ್ದೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಬುಡಕಟ್ಟು, ರಾಜ್ಯ, ಕೇಂದ್ರ ಸರ್ಕಾರ ಮತ್ತು ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಒಂದು ಒಪ್ಪಂದಕ್ಕೆ ಬಂದು, ವಿಷಮಯವಾದ ಏರಿಯನ್ನು ಡಾಂಬರಿನಿಂದಲೂ ಜಲ್ಲಿಯಿಂದಲೂ ಮುಚ್ಚಿದರು. ಆ ಮುಚ್ಚಳವೇ 2004ರಲ್ಲಿ ಕಾಲುದಾರಿಯಾಗಿ ತೆರೆಯಿತು.

ವಿಷವನ್ನು ಬಗೆದು ಸಾಗಿಸದೆ ಮುಚ್ಚಿಬಿಡುವುದು ತಪ್ಪನ್ನು ಮರೆಮಾಚಿದಂತಲ್ಲವೇ ಎಂದು ಕೇಳಬಹುದು. ಆಕ್ಷೇಪಣೆ ಅರ್ಥಹೀನವಲ್ಲ. ಆದರೆ ನೂರಕ್ಕೂ ಹೆಚ್ಚು ಕಿಲೋಮೀಟರು ಉದ್ದದ ಮಣ್ಣನ್ನು ಅಗೆದರೆ ವಿಷದ ಧೂಳೆದ್ದು ಊರುಗಳನ್ನು ಸೇರೀತು. ಅಗೆದ ಮಣ್ಣನ್ನು ಮತ್ತೊಬ್ಬರ ನೆಲದಲ್ಲಿಯೇ ಸುರಿಯಬೇಕಾದೀತು. ಮುಚ್ಚುವುದು ಕೆಲವೊಮ್ಮೆ ವಿವೇಕವೇ ಸರಿ. ಆದರೆ ಅದಕ್ಕೆ ಎರಡು ಷರತ್ತುಗಳುಂಟು. ಸೀಸವು ಕಾಲಕ್ರಮದಲ್ಲಿ ಕರಗಿ ಇಲ್ಲವಾಗುವ ವಸ್ತುವಲ್ಲ. ಆದುದರಿಂದ ಡಾಂಬರು ಬಿರುಕುಬಿಟ್ಟಾಗಲೆಲ್ಲ ಅದನ್ನು ದುರಸ್ತಿ ಮಾಡುತ್ತಿರಬೇಕು. ಒಂದು ತಲೆಮಾರು ಮಾಡಿದ ತಪ್ಪಿನ ಕಾವಲು ಮುಂದಿನ ಎಲ್ಲ ತಲೆಮಾರುಗಳ ಪಾಲಿಗೆ ಬಂದಿದೆ. ಎರಡನೆಯದಾಗಿ, ಕೆಳಗೆ ಏನಿದೆ ಎಂಬುದನ್ನು ಬಚ್ಚಿಡಬಾರದು. ಆ ಫಲಕಗಳು ಸೊಬಗಿಗೆ ಕಳಂಕವಲ್ಲ. ಅವು ದಾರಿಯ ಪ್ರಾಮಾಣಿಕತೆ. ಅವುಗಳನ್ನು ಕಿತ್ತುಹಾಕಿದ ದಿನ ಮುಚ್ಚಳವು ಮೋಸವಾಗುತ್ತದೆ.

ನಡೆಯುವವನಿಗೆ ಕಾಡು, ನೀರು, ಹಕ್ಕಿಗಳ ದನಿ ಸಂತೋಷ ಕೊಡಲಿ. ಅದು ಅವನ ಹಕ್ಕು. ಜೊತೆಗೆ ತನ್ನ ಕಾಲಡಿಯಲ್ಲಿರುವ ಲೋಭದ ನೆನಪೂ ಅವನಿಗಿರಲಿ. ಅದು ಅವನ ಹೊಣೆ. ವಾಹನದಲ್ಲಿ ಧಾವಿಸುವವನಿಗೆ ಫಲಕವನ್ನು ಓದಲು ಬಿಡುವಿಲ್ಲ. ಕಾಲ್ನಡಿಗೆಯವನಿಗೆ ಮಾತ್ರ ನಿಂತು ಓದುವ, ಓದಿ ಯೋಚಿಸುವ ಭಾಗ್ಯವುಂಟು.