‘ರಾಗಿ ತಿಂದರೆ ಶುಗರ್ ಮಾತ್ರೆ ಬೇಡ’: ಫಾರ್ವರ್ಡ್ ಹೇಳುವ ‘ಸಂಶೋಧನೆ’ಯನ್ನು ನಾವೇ ಹುಡುಕುವುದು ಹೇಗೆ?

ಆನೇಕಲ್ ಸುತ್ತಮುತ್ತ ಕಾರ್ಖಾನೆ, ಐಟಿ ಕಚೇರಿಗಳು ಎಷ್ಟೇ ಬಂದರೂ ಮಳೆಗಾಲದ ಹೊಲದಲ್ಲಿ ರಾಗಿ, ಮನೆಯ ತಟ್ಟೆಯಲ್ಲಿ ಮುದ್ದೆ ಇದ್ದೇ ಇವೆ. ಹಾಗಾಗಿ ‘ಮೂರು ತಿಂಗಳು ರಾಗಿ ತಿನ್ನಿ, ಶುಗರ್ ಮಾತ್ರೆ ಬಿಸಾಕಿ, ಸಂಶೋಧನೆಯಲ್ಲಿ ಸಾಬೀತಾಗಿದೆ’ ಎಂಬಂಥ ಫಾರ್ವರ್ಡ್ ಬಂದರೆ ನಂಬಲು ಮನಸ್ಸಾಗುತ್ತದೆ. ನಮ್ಮ ಊಟವನ್ನು ಹೊಗಳಿದರೆ ಯಾರಿಗೆ ಬೇಡ? ಆದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಸಕ್ಕರೆ ಏರಿ ಕಣ್ಣು, ಮೂತ್ರಪಿಂಡ, ನರಗಳಿಗೆ ಹಾನಿಯಾಗಬಹುದು. ಆ ‘ಸಂಶೋಧನೆ’ ಎಲ್ಲಿದೆ ಎಂದು ನಾವೇ ನೋಡಬಹುದು, ಅದೂ ಮೊಬೈಲ್‌ನಲ್ಲಿ, ಉಚಿತವಾಗಿ.

ಎಲ್ಲಿ ನೋಡಬೇಕು?

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್‌ನಲ್ಲಿ 3.5 ಕೋಟಿಗೂ ಹೆಚ್ಚು ಸಂಶೋಧನಾ ಪ್ರಬಂಧಗಳ ವಿವರಗಳಿವೆ. ಕಷ್ಟ ಇರುವುದು ಹೆಸರಿನಲ್ಲಿ. ನಮ್ಮ ರಾಗಿ ಮಹಾರಾಷ್ಟ್ರದಲ್ಲಿ ನಾಚಣಿ, ಉತ್ತರಾಖಂಡದಲ್ಲಿ ಮಂಡುವಾ, ಇಂಗ್ಲಿಷಿನಲ್ಲಿ ಫಿಂಗರ್ ಮಿಲೆಟ್. ಒಂದು ಹೆಸರಿನಲ್ಲಿ ಹುಡುಕಿದರೆ ಇನ್ನೊಂದು ಹೆಸರಿನಲ್ಲಿ ಬರೆದದ್ದು ಕೈತಪ್ಪಬಹುದು.

ಇದಕ್ಕೆ ಪರಿಹಾರವೇ ‘ಮೆಶ್’, ಅಂದರೆ ಮೆಡಿಕಲ್ ಸಬ್ಜೆಕ್ಟ್ ಹೆಡಿಂಗ್ಸ್. 1960ರಿಂದ ಬಳಕೆಯಲ್ಲಿರುವ ವಿಷಯ ಶೀರ್ಷಿಕೆಗಳ ಪಟ್ಟಿ ಇದು. ಲೇಖಕರು ಯಾವ ಪದವನ್ನೇ ಬಳಸಿರಲಿ, ಒಂದೇ ವಿಷಯದ ಪ್ರಬಂಧಗಳಿಗೆ ಒಂದೇ ಶೀರ್ಷಿಕೆ ಅಂಟಿಸುತ್ತಾರೆ. ‘ಹಾರ್ಟ್ ಅಟ್ಯಾಕ್’ ಎಂದು ಬರೆದದ್ದೂ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಶೀರ್ಷಿಕೆಯಡಿ ಸಿಗುತ್ತದೆ. ರಾಗಿಯ ಶೀರ್ಷಿಕೆ ಅದರ ಸಸ್ಯಕುಲದ ಹೆಸರಾದ ‘ಎಲ್ಯುಸೈನ್’.

ಹುಡುಕುವ ಕ್ರಮ

1. ಪಬ್‌ಮೆಡ್ ಮುಖಪುಟದ ಕೆಳಭಾಗದಲ್ಲಿರುವ ‘ಮೆಶ್ ಡೇಟಾಬೇಸ್’ ಒತ್ತಿ.
2. ಇಂಗ್ಲಿಷ್ ಅಕ್ಷರಗಳಲ್ಲಿ ಇ, ಎಲ್, ಇ, ಯು, ಎಸ್, ಐ, ಎನ್, ಇ ಎಂದು ಟೈಪ್ ಮಾಡಿ. ಬಂದ ಶೀರ್ಷಿಕೆಯನ್ನು ‘ಆ್ಯಡ್ ಟು ಸರ್ಚ್ ಬಿಲ್ಡರ್’ ಒತ್ತಿ ಸೇರಿಸಿ.
3. ‘ಟೈಪ್ 2 ಡಯಾಬಿಟಿಸ್’ ಎಂದು ಹುಡುಕಿ, ಅದರ ಶೀರ್ಷಿಕೆಯನ್ನು ‘ಆ್ಯಂಡ್’ ಆಯ್ಕೆಯೊಂದಿಗೆ ಸೇರಿಸಿ, ‘ಸರ್ಚ್ ಪಬ್‌ಮೆಡ್’ ಒತ್ತಿ.
4. ಫಿಲ್ಟರ್‌ನಲ್ಲಿ ‘ಹ್ಯೂಮನ್ಸ್’ ಆರಿಸಿ.

ಎರಡು ಶೀರ್ಷಿಕೆ ಏಕೆ ಬೇಕು? ರಾಗಿಯ ಕುಲದಲ್ಲಿ ಹೊಲದ ಕಳೆಯೊಂದೂ ಇದೆ. ‘ಎಲ್ಯುಸೈನ್’ ಒಂದನ್ನೇ ಹಾಕಿದರೆ ಕಳೆನಾಶಕದ ಪ್ರಬಂಧಗಳೂ ಬಂದು ಬೀಳುತ್ತವೆ. ಬರೀ ‘ಡಯಾಬಿಟಿಸ್ ಮೆಲಿಟಸ್’ ಎಂಬ ದೊಡ್ಡ ಶೀರ್ಷಿಕೆ ಆರಿಸಿದರೆ ಅದರ ಅಡಿಯ ಒಳಶೀರ್ಷಿಕೆಗಳೆಲ್ಲ ತಾವಾಗಿಯೇ ಸೇರುತ್ತವೆ. ಅವುಗಳಲ್ಲಿ ಒಂದು, ಪ್ರಯೋಗಕ್ಕಾಗಿ ಪ್ರಾಣಿಗಳಲ್ಲಿ ಉಂಟುಮಾಡಿದ ಮಧುಮೇಹ. ಇಲಿಗೆ ಆದದ್ದು ಮನುಷ್ಯರಿಗೂ ಆಗಿಯೇ ತೀರುತ್ತದೆ ಎನ್ನಲಾಗದು.

ಒಂದು ಎಚ್ಚರಿಕೆ: ಪಬ್‌ಮೆಡ್‌ನ ಎಲ್ಲ ಪ್ರಬಂಧಗಳಿಗೂ ಮೆಶ್ ಶೀರ್ಷಿಕೆ ಇರುವುದಿಲ್ಲ. ಆದ್ದರಿಂದ ‘ಫಿಂಗರ್ ಮಿಲೆಟ್’, ‘ರಾಗಿ’, ‘ಮಿಲೆಟ್’ ಎಂಬ ಮಾಮೂಲಿ ಪದಗಳಲ್ಲೂ ಇನ್ನೊಮ್ಮೆ ಹುಡುಕಿ.

ಹಾಗಾದರೆ ರಾಗಿಯ ಬಗ್ಗೆ ಏನು ಸಿಗುತ್ತದೆ?

ಹೈದರಾಬಾದಿನ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ 2021ರಲ್ಲಿ ‘ಫ್ರಂಟಿಯರ್ಸ್ ಇನ್ ನ್ಯೂಟ್ರಿಷನ್’ ಪತ್ರಿಕೆಯಲ್ಲಿ ಬಂದ ವಿಮರ್ಶೆ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದೆ. ನಿಯಮಿತವಾಗಿ ಸಿರಿಧಾನ್ಯ ತಿಂದ ಮಧುಮೇಹಿಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸುಮಾರು ಶೇ 12, ಊಟದ ನಂತರದ ಸಕ್ಕರೆ ಸುಮಾರು ಶೇ 15 ಇಳಿದಿದೆ ಎಂದು ಅದು ಹೇಳುತ್ತದೆ. ಆದರೆ ಈ ಲೆಕ್ಕ ರಾಗಿಯೊಂದರದ್ದಲ್ಲ, ಹಲವು ಧಾನ್ಯಗಳದ್ದು. ಸಕ್ಕರೆ ಏರಿಸುವ ವೇಗದಲ್ಲಿ ನವಣೆ, ಊದಲು ಕಡಿಮೆ ಗುಂಪಿನಲ್ಲಿದ್ದರೆ ರಾಗಿ ಮಧ್ಯಮ ಗುಂಪಿನಲ್ಲಿದೆ. ಶೇ 12 ಇಳಿಯುವುದು ಒಳ್ಳೆಯದೇ. ಆದರೆ ಅದು ಕಾಯಿಲೆ ವಾಸಿಯಾದಂತಲ್ಲ, ಮಾತ್ರೆ ಬಿಡಲು ಆಧಾರವೂ ಅಲ್ಲ.

ಅಂದರೆ ಫಾರ್ವರ್ಡ್‌ನಲ್ಲಿ ಅರ್ಧ ನಿಜವಿದೆ. ಪಾಲಿಶ್ ಮಾಡಿದ ಅನ್ನದ ಜಾಗದಲ್ಲಿ ಅಳತೆಯ ಮುದ್ದೆ ಒಳ್ಳೆಯ ಆಯ್ಕೆ. ಮಾತ್ರೆಯ ತೀರ್ಮಾನ ಮಾತ್ರ ವೈದ್ಯರದ್ದು. ಇಂಥ ಸಂದೇಶ ಮತ್ತೆ ಬಂದಾಗ ಕಳಿಸಿದವರನ್ನು ಮೂರು ಪ್ರಶ್ನೆ ಕೇಳೋಣ: ಪ್ರಬಂಧ ಯಾವುದು? ಪ್ರಯೋಗ ಮನುಷ್ಯರ ಮೇಲೋ, ಇಲಿಗಳ ಮೇಲೋ? ಮಾತ್ರೆ ನಿಲ್ಲಿಸಿ ಎಂದು ಅದರಲ್ಲಿ ಎಲ್ಲಿ ಬರೆದಿದೆ? ಉತ್ತರ ಸಿಗುವವರೆಗೆ ಆ ಸಂದೇಶ ನಮ್ಮ ಮೊಬೈಲ್‌ನಲ್ಲೇ ನಿಲ್ಲಲಿ.