ಹೊಸ ಲ್ಯಾಪ್‌ಟಾಪಿಗೆ ಹಳೆಯ ವಿಂಡೋಸ್ ಏಕೆ ಬೇಕು?

ಬಿ.ಎಸ್ಸಿ. ಮುಗಿಸಿ ಬಿ.ಎಡ್.ಗೆ ಬಂದ ನಮ್ಮಂಥವರಿಗೆ ಇಂಟರ್ನ್‌ಶಿಪ್‌ನಲ್ಲಿ ಪಾಠಯೋಜನೆ, ಘಟಕ ಪರೀಕ್ಷೆ, ವೀಕ್ಷಣಾ ದಾಖಲೆಗಳ ಜೊತೆಗೆ ಇನ್ನೊಂದು ಕೆಲಸ ತಾನಾಗಿ ಅಂಟಿಕೊಳ್ಳುತ್ತದೆ. ಶಾಲೆಯ ಕಂಪ್ಯೂಟರಿಗೆ ಏನೇ ಆದರೂ ನಾವೇ ನೋಡಬೇಕು. ಮರಿಯಮ್ಮನಹಳ್ಳಿ ಹೋಬಳಿಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತಿದ್ದಾಗ ದಾನಿಗಳಿಂದ ಎರಡು ಹೊಸ ಲ್ಯಾಪ್‌ಟಾಪ್ ಬಂದವು. ಮಾರ್ಗದರ್ಶಕ ಶಿಕ್ಷಕರು ಒಂದನ್ನು ನನ್ನ ಮುಂದಿಟ್ಟು, "ಇದ್ರಾಗ ವಿಂಡೋಸ್ ಸೆವೆನ್ ಹಾಕಿಕೊಡವ್ವ. ನೀನು ಬಿ.ಎಸ್ಸಿ. ಓದ್ದಾಕಿ, ನಿಂಗ ಗೊತ್ತಿರ್ತೈತಿ" ಎಂದರು. ಬೇರೆ ಶಾಲೆಗಳಿಗೆ ಹೋಗಿದ್ದ ನನ್ನ ಸಹಪಾಠಿಗಳಲ್ಲಿ ಮೂವರಿಗೆ ಇದೇ ಬೇಡಿಕೆ ಬಂದಿತ್ತು. ಹಾಗಾಗಿ ಇದನ್ನು ಒಬ್ಬರ ಹಟ ಎಂದು ತಳ್ಳಿಹಾಕುವಂತಿಲ್ಲ.

ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ "ಆಗಲ್ಲ ಸರ್" ಎಂದಷ್ಟೇ ಹೇಳಿ ಬರುವುದು ಪ್ರಶಿಕ್ಷಣಾರ್ಥಿಗೆ ಒಪ್ಪುವ ಉತ್ತರವಲ್ಲ. ಏಕೆ ಆಗುವುದಿಲ್ಲ ಎಂಬುದನ್ನೂ, ಅವರು ಕೇಳುತ್ತಿರುವುದು ನಿಜವಾಗಿ ಏನನ್ನು ಎಂಬುದನ್ನೂ ನಾವು ತಿಳಿದಿರಬೇಕು.

ಮೊದಲು ಯಂತ್ರದ ಮಾತು. ವಿಂಡೋಸ್ 7 ಮಾರುಕಟ್ಟೆಗೆ ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಇಂದಿನ ಲ್ಯಾಪ್‌ಟಾಪುಗಳ ಎಸ್‌ಎಸ್‌ಡಿ ಮಾತಾಡುವ ಎನ್‌ವಿಎಂಇ ಎಂಬ ಭಾಷೆಯ ಮೊದಲ ನಿಯಮಾವಳಿ ಪ್ರಕಟವಾದದ್ದು 2011ರ ಮಾರ್ಚ್‌ನಲ್ಲಿ. ತನಗಿಂತ ನಂತರ ಹುಟ್ಟಿದ ಭಾಷೆ ಹಳೆಯ ಸೆಟಪ್‌ಗೆ ಹೇಗೆ ತಿಳಿದೀತು? ಹಾಗಾಗಿ ಡಿಸ್ಕ್ ಆರಿಸುವ ಪರದೆಯಲ್ಲಿ ಪಟ್ಟಿ ಖಾಲಿ ಇರುತ್ತದೆ. ನೋಡಿದವರು "ಎಸ್‌ಎಸ್‌ಡಿ ಕೆಟ್ಟಿದೆ" ಎಂದುಕೊಳ್ಳುತ್ತಾರೆ. ಅದು ಕೆಟ್ಟಿರುವುದಿಲ್ಲ, ಸೆಟಪ್‌ಗೆ ಕಾಣುತ್ತಿಲ್ಲ ಅಷ್ಟೆ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು, ಏಕೆಂದರೆ ಎಸ್‌ಎಸ್‌ಡಿ ಅಂದರೆ ಎಲ್ಲ ಒಂದೇ ಎಂಬ ಭಾವನೆ ನಮ್ಮಲ್ಲಿದೆ. ಹಳೆಯ ಕಂಪ್ಯೂಟರುಗಳಿಗೆ ಹಾಕಿಸುವ, ಅಂಗೈಯಗಲದ ಚಪ್ಪಟೆ ಪೆಟ್ಟಿಗೆಯಂಥ ಸಾಟಾ ಎಸ್‌ಎಸ್‌ಡಿ ಹಳೆಯ ಹಾರ್ಡ್‌ಡಿಸ್ಕಿನ ಭಾಷೆಯನ್ನೇ ಆಡುತ್ತದೆ. ಅದರ ಮೇಲೆ ವಿಂಡೋಸ್ 7 ಸಲೀಸಾಗಿ ಕೂರುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿರುವುದು ಚೂಯಿಂಗ್ ಗಮ್ ಪಟ್ಟಿಯಷ್ಟು ಅಗಲದ ಎನ್‌ವಿಎಂಇ ಎಸ್‌ಎಸ್‌ಡಿ. ಹಳೆಯ ಎಎಚ್‌ಸಿಐ ಪದ್ಧತಿಯಲ್ಲಿ ಆಜ್ಞೆಗಳಿಗೆ ಒಂದೇ ಸಾಲು, ಆ ಸಾಲಿನಲ್ಲಿ ನಿಲ್ಲಬಹುದಾದವು 32. ಎನ್‌ವಿಎಂಇಯಲ್ಲಿ 65 ಸಾವಿರದಷ್ಟು ಸಾಲುಗಳಿಗೆ ಅವಕಾಶವಿದೆ. ನ್ಯಾಯಬೆಲೆ ಅಂಗಡಿಯ ಒಂದೇ ಕಿಟಕಿಯ ಮುಂದೆ ಇಡೀ ಊರು ನಿಲ್ಲುವುದಕ್ಕೂ ಓಣಿಗೊಂದು ಕಿಟಕಿ ತೆರೆಯುವುದಕ್ಕೂ ಇರುವ ವ್ಯತ್ಯಾಸ ಅದು.

ಆ ಖಾಲಿ ಪಟ್ಟಿಯವರೆಗೆ ತಲುಪುವುದೂ ಸುಲಭವಲ್ಲ. ಇತ್ತೀಚಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಹಳೆಯ ಬಯೋಸ್ ಕ್ರಮವನ್ನೇ ತೆಗೆದುಹಾಕಿ ಯುಇಎಫ್‌ಐ ಮಾತ್ರ ಉಳಿಸಿರುತ್ತಾರೆ. ವಿಂಡೋಸ್ 7ಕ್ಕೆ ಪರದೆಯ ಮೇಲೆ ಚಿತ್ರ ಮೂಡಿಸಲು ಆ ಹಳೆಯ ಕ್ರಮದ ನೆರವು ಬೇಕು. ಇಲ್ಲದಿದ್ದರೆ ಮೊದಲ ಲಾಂಛನದ ಬಳಿಯೇ ನಿಂತುಬಿಡುತ್ತದೆ. ಅದನ್ನು ದಾಟಿದರೆ ಯುಎಸ್‌ಬಿ ಸಮಸ್ಯೆ. ಯುಎಸ್‌ಬಿ 3ರ ಡ್ರೈವರ್ ವಿಂಡೋಸ್‌ನೊಳಗೇ ಬಂದದ್ದು 2012ರ ವಿಂಡೋಸ್ 8ರಿಂದ. ಹಾಗಾಗಿ ಪೆನ್‌ಡ್ರೈವಿನಿಂದಲೇ ಶುರುವಾದ ಸೆಟಪ್ ಅರ್ಧ ದಾರಿಯಲ್ಲಿ ಅದೇ ಪೆನ್‌ಡ್ರೈವನ್ನು ಮರೆತು "ಸಿಡಿ ಡ್ರೈವಿನ ಡ್ರೈವರ್ ಇಲ್ಲ" ಎನ್ನುತ್ತದೆ. ಸಿಡಿ ಡ್ರೈವೇ ಇಲ್ಲದ ಯಂತ್ರದ ಮುಂದೆ ಕುಳಿತವರು ಇದಕ್ಕೆ ಏನು ಅರ್ಥ ಮಾಡಿಕೊಳ್ಳಬೇಕು!

ದಾರಿಯೇ ಇಲ್ಲ ಎಂದಲ್ಲ. ಮೈಕ್ರೋಸಾಫ್ಟ್ ನಂತರದ ವರ್ಷಗಳಲ್ಲಿ ವಿಂಡೋಸ್ 7ಕ್ಕೆ ಎನ್‌ವಿಎಂಇ ಡ್ರೈವರನ್ನು ಪ್ರತ್ಯೇಕ ತಿದ್ದುಪಡಿಯಾಗಿ ಕೊಟ್ಟಿತು. ಅದನ್ನೂ ಯುಎಸ್‌ಬಿ ಡ್ರೈವರನ್ನೂ ಸೆಟಪ್ ಕಡತದೊಳಗೆ ಸೇರಿಸಿ ಕೂರಿಸಿದವರಿದ್ದಾರೆ. ಆದರೆ ಕೂತ ಮೇಲೆ ವೈಫೈಗೆ ಡ್ರೈವರ್ ಇರುವುದಿಲ್ಲ, ಟಚ್‌ಪ್ಯಾಡಿಗೆ ಇರುವುದಿಲ್ಲ. 2020ರ ಜನವರಿ 14ಕ್ಕೆ ಅದರ ಭದ್ರತಾ ಪರಿಷ್ಕರಣೆ ನಿಂತಿದೆ. ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೆ ಕೈಬಿಟ್ಟಿದೆ. ಎಸ್‌ಎಟಿಎಸ್, ದೀಕ್ಷಾ ಎಲ್ಲವೂ ಬ್ರೌಸರಿನಲ್ಲೇ ನಡೆಯುವ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ.

ಇನ್ನೂ ಅಪಾಯದ ದಾರಿ ಒಂದಿದೆ. ಯಾರೋ ತಿದ್ದಿ, ಡ್ರೈವರುಗಳನ್ನು ತುಂಬಿ, ಪರವಾನಗಿಯನ್ನೂ ಮುರಿದು ಹಂಚುವ ಸಿದ್ಧ ಪ್ರತಿಗಳು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿವೆ. ಅದರೊಳಗೆ ಇನ್ನೇನು ತುಂಬಿದ್ದಾರೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಶಾಲೆಯ ಲ್ಯಾಪ್‌ಟಾಪಿನಲ್ಲಿರುವುದು ಮಕ್ಕಳ ಹೆಸರು, ಜಾತಿ, ಆಧಾರ್ ಸಂಖ್ಯೆ, ಪೋಷಕರ ಬ್ಯಾಂಕ್ ವಿವರ. ಅದನ್ನು ಅಂಥ ಪ್ರತಿಯ ಮೇಲೆ ಇಡಲು ನಾನಂತೂ ಒಪ್ಪುವುದಿಲ್ಲ.

ಈಗ ಮುಖ್ಯ ಮಾತು. ಹಿರಿಯ ಶಿಕ್ಷಕರು ವಿಂಡೋಸ್ 7 ಏಕೆ ಕೇಳುತ್ತಾರೆ? ಕೂತು ಕೇಳಿದರೆ ಹೇಳುತ್ತಾರೆ. ಸ್ಟಾರ್ಟ್ ಮೆನು ಎಡ ಮೂಲೆಯಲ್ಲಿ ಇಲ್ಲ ಎಂಬುದು ಒಂದು ಕಾರಣ. ಅದನ್ನು ಎಡಕ್ಕೆ ತರಲು ಅರ್ಧ ನಿಮಿಷ ಸಾಕು. ನಿಜವಾದ ಕಾರಣ ನುಡಿ. ಹದಿನೈದು ವರ್ಷ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆ, ನೀಲನಕ್ಷೆ, ಟಿಪ್ಪಣಿಗಳೆಲ್ಲ ಹಳೆಯ ನುಡಿಯಲ್ಲಿವೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಬದಲು ಏನೇನೋ ಕಾಣುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಸರಿಯಾಗಿತ್ತು, ಹೊಸದರಲ್ಲಿ ಹೋಯಿತು, ಆದ್ದರಿಂದ ಹಳೆಯದನ್ನೇ ತನ್ನಿ ಎನ್ನುತ್ತಾರೆ. ಅವರ ತರ್ಕದಲ್ಲಿ ತಪ್ಪಿಲ್ಲ, ಕಾರಣ ಮಾತ್ರ ಬೇರೆ ಕಡೆ ಇದೆ.

ಹಳೆಯ ನುಡಿ ಕಡತದೊಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. 'ಕನ್ನಡ' ಎಂದು ಟೈಪಿಸಿದರೆ ಒಳಗೆ ಉಳಿಯುವುದು ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ನುಡಿಯ ಅಕ್ಷರಶೈಲಿ ಇವುಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸುತ್ತದೆ. ಅಕ್ಷರಶೈಲಿ ಇಲ್ಲದ ಕಡೆ ವೇಷ ಕಳಚಿ ಒಳಗಿನದು ಕಾಣುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ಒಂದು ವಿಭಾಗವಿದೆ. ಕ, ನ, ವಿರಾಮ ಚಿಹ್ನೆ, ನ, ಡ ಎಂದು ಐದೇ ಸಂಕೇತ, ಪ್ರತಿಯೊಂದೂ ಕನ್ನಡದ್ದೇ.

ಅಂದರೆ ಹಳೆಯ ಕಡತ ತೆರೆಯಲು ವಿಂಡೋಸ್ 7 ಬೇಕಾಗಿಲ್ಲ. ಬೇಕಾದದ್ದು ಅಕ್ಷರಶೈಲಿ. ಹಳೆಯ ಕಂಪ್ಯೂಟರಿನಿಂದ ನುಡಿಯ ಫಾಂಟ್ ಕಡತಗಳನ್ನು ನಕಲು ಮಾಡಿ ವಿಂಡೋಸ್ 11ರಲ್ಲಿ ಹಾಕಿದರೆ ಹದಿನೈದು ವರ್ಷದ ಪ್ರಶ್ನೆಪತ್ರಿಕೆ ಹಾಗೇ ತೆರೆಯುತ್ತದೆ, ಹಾಗೇ ಮುದ್ರಣವಾಗುತ್ತದೆ. ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯ ಒಂದು ಹಳೆಯ ಪತ್ರಿಕೆ ಹೀಗೆ ಹೊಸ ಪರದೆಯ ಮೇಲೆ ಮೂಡಿದಾಗ ಸರ್ ಹೇಳಿದ್ದು ಇಷ್ಟೇ: "ಇಷ್ಟಕ್ಕ ಹೊಸಪೇಟಿಗೆ ಒಯ್ಯಬೇಕಂತಿದ್ದೆನಲ್ಲವ್ವ." ಬೆರಳುಗಳ ಅಭ್ಯಾಸವೂ ಕಳೆಯುವುದಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಯೂನಿಕೋಡಿನಲ್ಲೂ ಸಿಗುತ್ತದೆ, ಲಿನಕ್ಸಿನಲ್ಲೂ 'ಕಗಪ' ಎಂಬ ಹೆಸರಿನಲ್ಲಿ ಇದೆ. ಅದೇ ಕೀಲಿ, ಅದೇ ಬೆರಳು, ಒಳಗೆ ಉಳಿಯುವ ಸಂಕೇತ ಮಾತ್ರ ಬೇರೆ.

ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಫಾಂಟ್ ಹಾಕುವುದು ತಾತ್ಕಾಲಿಕ. ಮರಿಯಮ್ಮನಹಳ್ಳಿ ರಂಗಭೂಮಿಯ ಊರು. ನಾಟಕದ ಕೈಬರಹದ ಪ್ರತಿ ಹಳತಾಗಿ ಹಾಳೆ ಉದುರತೊಡಗಿದರೆ ಅದನ್ನು ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆಯೇ ಹೊರತು, ಹಳೆಯ ಪ್ರತಿಗೆ ಹೊಂದಲಿ ಎಂದು ರಂಗಮಂಚಕ್ಕೆ ಮತ್ತೆ ಗ್ಯಾಸ್‌ಲೈಟ್ ತರುವುದಿಲ್ಲ. ಪ್ರಶ್ನೆಕೋಶವನ್ನೂ ಯೂನಿಕೋಡಿಗೆ ಇಳಿಸಿಕೊಳ್ಳಬೇಕು.

ಅದು ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ ಎಂದು ಹೇಳುವವರನ್ನು ನಂಬಬೇಡಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಕನ್ನಡದ ಭಾಗವನ್ನು ಬಹುಮಟ್ಟಿಗೆ ಸರಿಯಾಗಿಯೇ ತಿರುಗಿಸುತ್ತವೆ. ತೊಂದರೆ ಬರುವುದು ವಿಜ್ಞಾನದ ಪತ್ರಿಕೆಯಲ್ಲಿ. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್ ಅಕ್ಷರ, ಯಾವುದು ವೇಷದ ಅಕ್ಷರ ಎಂದು ತಿಳಿಯುವುದಿಲ್ಲ. ನುಡಿಯ ಹಳೆಯ ಸಂಕೇತದಲ್ಲಿ ದೊಡ್ಡ ಎಚ್ ಅಂದರೆ ಊ, ದೊಡ್ಡ ಓ ಅಂದರೆ ಔ. ಹಾಗಾಗಿ ನೀರಿನ ಅಣುಸೂತ್ರ 'ಊ2ಔ' ಆಗುತ್ತದೆ. ಇಂಗಾಲದ ಡೈಆಕ್ಸೈಡ್ 'ಅಔ2'. ಹತ್ತನೇ ತರಗತಿಯ ಮಕ್ಕಳು ಇದನ್ನು ನೋಡಿದರೆ ಒಂದು ವಾರ ನಗುತ್ತಾರೆ. ಅರ್ಕಾವತ್ತು ಕೆಲವು ಕಡೆ ಜಾರುತ್ತದೆ, ಕೋಷ್ಟಕದೊಳಗಿನ ಸಾಲು ತಪ್ಪುತ್ತದೆ. ಆದ್ದರಿಂದ ವಿಷಯ ತಿಳಿದವರು ಕೂತು ಒಂದೊಂದು ಪುಟ ಓದಿ ತಿದ್ದಬೇಕು. ಅಂಗಡಿಯವರಿಗೆ ಒಪ್ಪಿಸಿ ಬರುವ ಕೆಲಸವಲ್ಲ ಇದು. ರಸಾಯನಶಾಸ್ತ್ರ ಓದಿದ, ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ನಮ್ಮಂಥವರದೇ ಕೆಲಸ.

ಇಷ್ಟು ಕಷ್ಟ ಏಕೆ ಪಡಬೇಕು ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ದೃಷ್ಟಿದೋಷವಿರುವ ಮಗುವಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದು ಕನ್ನಡವನ್ನೂ ಓದುತ್ತದೆ. ಅದಕ್ಕೆ ಕಣ್ಣಿಲ್ಲ, ಅಕ್ಷರದ ಆಕಾರ ಅದಕ್ಕೆ ಕಾಣುವುದಿಲ್ಲ, ಒಳಗಿನ ಸಂಕೇತ ಮಾತ್ರ ಸಿಗುತ್ತದೆ. ಯೂನಿಕೋಡಿನ ಟಿಪ್ಪಣಿ ಕೊಟ್ಟರೆ 'ಕನ್ನಡ' ಎಂದು ಓದುತ್ತದೆ. ಹಳೆಯ ನುಡಿಯ ಟಿಪ್ಪಣಿ ಕೊಟ್ಟರೆ ಪಿ, ಎ, ಪೌಂಡ್ ಎಂದು ಒದರುತ್ತದೆ. ನಾವು ಸಮನ್ವಯ ಶಿಕ್ಷಣದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಬಾಯಿಪಾಠ ಒಪ್ಪಿಸುತ್ತೇವೆ. ಅದೇ ಉತ್ತರದ ಟಿಪ್ಪಣಿಯನ್ನು ಆ ಮಗು ಕೇಳಲಾಗದ ಸಂಕೇತದಲ್ಲಿ ಇಟ್ಟುಕೊಂಡಿದ್ದೇವೆ.

ಹಳೆಯ ಆಪರೇಟಿಂಗ್ ಸಿಸ್ಟಂ ಎಂದೂ ಬೇಡ ಎಂಬುದು ನನ್ನ ವಾದವಲ್ಲ. ಕೆಲವು ಶಾಲೆಗಳಲ್ಲಿ ಹಿಂದೆ ಬಂದ ಪಾಠದ ಸಿಡಿಗಳಿವೆ. ಅವು ಹೊಸ ವಿಂಡೋಸಿನಲ್ಲಿ ಓಡದೆ ಇರಬಹುದು. ಅಂಥಲ್ಲಿ ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದೊಳಗೆ, ಶಾಲೆಯಲ್ಲಿರುವ ಪರವಾನಗಿಯುಳ್ಳ ವಿಂಡೋಸ್ 7ನ್ನು ಕೂರಿಸಬಹುದು. ಅದಕ್ಕೆ ಒಳಗಿನಿಂದ ಕಾಣುವುದು ಹಳೆಯ ಸಾಟಾ ಡಿಸ್ಕ್. ಎನ್‌ವಿಎಂಇ, ಯುಇಎಫ್‌ಐ ಯಾವ ತಕರಾರೂ ಇಲ್ಲ. ಇಂಟರ್ನೆಟ್ ಕೊಡದೆ ಇಟ್ಟರೆ ಅಪಾಯವೂ ಕಡಿಮೆ. ಇನ್ನು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿದಿರುವುದರಿಂದ, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕುವುದೇ ಮೇಲು. ಕೇರಳದ ಸರ್ಕಾರಿ ಶಾಲೆಗಳು ಕೈಟ್ ಸಂಸ್ಥೆ ರೂಪಿಸಿದ ಲಿನಕ್ಸ್ ಬಳಸುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅಲ್ಲಿ ಆಗುವುದು ಇಲ್ಲಿ ಆಗದೇನಲ್ಲ.

ನನ್ನ ತಕರಾರು ಇರುವುದು ನಮ್ಮ ತರಬೇತಿಯ ಬಗ್ಗೆ. ಎನ್‌ಸಿಟಿಇಯ 2014ರ ನಿಯಮಗಳು ಬಿ.ಎಡ್. ಕೋರ್ಸನ್ನು ಎರಡು ವರ್ಷಕ್ಕೆ ಏರಿಸಿ, ಐಸಿಟಿಯನ್ನು ವಿಮರ್ಶಾತ್ಮಕವಾಗಿ ಅರಿಯಬೇಕು ಎಂದವು. ಪ್ರಾಯೋಗಿಕದಲ್ಲಿ ನಾವು ಮಾಡುವುದು ಹತ್ತು ಸ್ಲೈಡಿನ ಪವರ್‌ಪಾಯಿಂಟ್. ಕಂಪ್ಯೂಟರಿನೊಳಗೆ ಕನ್ನಡದ ಅಕ್ಷರ ಏನಾಗಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಎರಡು ವರ್ಷದಲ್ಲಿ ಯಾರೂ ಕೇಳಿಲ್ಲ. ಈ ಪತ್ರಿಕೆಗೆ ಲೇಖನ ಕೇಳಿದ ಸುತ್ತೋಲೆಯಲ್ಲೂ "ನುಡಿಯಲ್ಲಿ ಬೆರಳಚ್ಚು ಮಾಡಿ" ಎಂದೇ ಇತ್ತು. ಯಾವ ನುಡಿ ಎಂದು ಬರೆದಿರಲಿಲ್ಲ. ಸಂಪಾದಕರು ಮನ್ನಿಸಬೇಕು, ಈ ಲೇಖನವನ್ನು ನಾನು ಯೂನಿಕೋಡಿನಲ್ಲಿ ಕಳಿಸಿದ್ದೇನೆ.

ಮುಂದಿನ ತಂಡ ಇಂಟರ್ನ್‌ಶಿಪ್‌ಗೆ ಹೊರಡುವ ಮೊದಲು ಒಂದು ಬದಲಾವಣೆ ಸಾಧ್ಯವೇ ಎಂದು ಗುರುಗಳನ್ನು ಕೇಳುತ್ತೇನೆ. ಐಸಿಟಿ ಪ್ರಾಯೋಗಿಕ ದಾಖಲೆಯಲ್ಲಿ ಪವರ್‌ಪಾಯಿಂಟ್ ಮುದ್ರಿಸಿ ಅಂಟಿಸುವ ಬದಲು, ಪ್ರತಿಯೊಬ್ಬರೂ ತಾವು ಹೋದ ಶಾಲೆಯ ಒಂದು ವಿಷಯದ ಒಂದು ಘಟಕದ ಹಳೆಯ ಪ್ರಶ್ನೆಗಳನ್ನು ಯೂನಿಕೋಡಿಗೆ ತಿರುಗಿಸಿ, ಓದಿ ತಿದ್ದಿ, ಮಾರ್ಗದರ್ಶಕ ಶಿಕ್ಷಕರಿಗೆ ಒಪ್ಪಿಸಿ ಸಹಿ ಪಡೆಯಲಿ. ಒಂದು ಘಟಕಕ್ಕೆ ನನಗೆ ಊಟದ ಬಿಡುವಿನಲ್ಲಿ ನಾಲ್ಕು ದಿನ ಹಿಡಿಯಿತು. ಅಣುಸೂತ್ರಗಳಿಲ್ಲದ ಸಮಾಜ ವಿಜ್ಞಾನಕ್ಕೆ ಎರಡು ದಿನ ಸಾಕಾಗಬಹುದು.